ಐದನೇ ಮಹಡಿ, ಲ್ಯಾಂಡ್‌ಫಿಲ್

ನಮ್ಮ ಮಾವನಿಗೆ ಇಂಗ್ಲಿಷ್ ಬರುತ್ತದೆ. ಆದರೆ ಲಿಫ್ಟಿನೊಳಗೆ ಮಾತ್ರ. ಹೊರಗೆ ಒಂದು ಕಾಲಿಟ್ಟರೆ ಸಾಕು, ಕಲಿತ ಪದಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಸರಿದು ಲಿಫ್ಟಿನಲ್ಲೇ ಉಳಿದುಬಿಡುತ್ತವೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಒಂದು ಇಡೀ ಕಟ್ಟಡವೇ ಇದಕ್ಕೆ ಸಾಕ್ಷಿ. ಆ ಸಾಕ್ಷಿಗಳಲ್ಲಿ ಒಬ್ಬ ಹಲ್ಲಿನ ಡಾಕ್ಟರೂ ಇದ್ದಾರೆ, ಹಾಗಾಗಿ ನಂಬಬಹುದು.

ಮಾವ ಲಿಫ್ಟ್ ಆಪರೇಟರ್. ಐದು ಮಹಡಿಯ ಹಳೇ ಕಟ್ಟಡ, ಅದರ ಹೊಟ್ಟೆಯಲ್ಲಿ ಜಾಲರಿ ಬಾಗಿಲಿನ ಹಳೇ ಲಿಫ್ಟು, ಲಿಫ್ಟಿನಲ್ಲೊಂದು ಮರದ ಸ್ಟೂಲು, ಸ್ಟೂಲಿನ ಮೇಲೆ ಮಾವ. ಕಟ್ಟಡದವರಿಗೆಲ್ಲ ಅವರು ಲಿಫ್ಟಣ್ಣ. ಆ ಲಿಫ್ಟು ಎಷ್ಟು ನಿಧಾನವೆಂದರೆ, ಕೆಳಗೆ ಜಗಳವಾಡುತ್ತ ಹತ್ತಿದವರು ಮೇಲೆ ತಲುಪುವಷ್ಟರಲ್ಲಿ ರಾಜಿಯಾಗಿ, ಕಣ್ಣೊರೆಸಿಕೊಂಡು, ಮತ್ತೊಂದು ವಿಷಯಕ್ಕೆ ಹೊಸ ಜಗಳ ಶುರುಮಾಡಿರುತ್ತಾರೆ. ಮಧ್ಯಾಹ್ನ ಜಾಲರಿಯಿಂದ ಬಿಸಿಲು ಚೌಕ ಚೌಕವಾಗಿ ಒಳಗೆ ಬೀಳುತ್ತದೆ. ಲಿಫ್ಟು ಮೇಲೇರಿದಂತೆ ಆ ಚೌಕಗಳು ಮಾವನ ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಮೆಲ್ಲಗೆ ಜಾರುತ್ತವೆ. ಮಾವನ ಕಣ್ಣು ತೆರೆದೇ ಇರುತ್ತದೆ, ಆದರೆ ಅವರು ಅಲ್ಲಿರುವುದಿಲ್ಲ.

"ಎರಡಕ್ಕೂ ಮೂರಕ್ಕೂ ನಡುವೆ ಒಂದು ಜಾಗ ಇದೆ ಮರಿ," ಎನ್ನುತ್ತಿದ್ದರು ನನಗೆ. "ಅದಕ್ಕೆ ನಂಬರೂ ಇಲ್ಲ, ಬಾಗಿಲೂ ಇಲ್ಲ. ಅಲ್ಲಿ ಯಾರೂ ಬೆಲ್ ಹೊಡೆಯಲ್ಲ. ಇಡೀ ಕಟ್ಟಡದಲ್ಲಿ ಅಷ್ಟು ತಂಪಾದ ಜಾಗ ಇನ್ನೊಂದಿಲ್ಲ."

"ಅಲ್ಲೇ ಒಂದು ಹಾಸಿಗೆ ಹಾಸ್ಕೊಂಡುಬಿಡಿ," ಎನ್ನುತ್ತಿದ್ದರು ಅತ್ತೆ ಹೊಲಿಗೆ ಮಿಷನ್ನಿನ ಹಿಂದಿನಿಂದ. "ಊಟ ಬೇಕಾದ್ರೆ ಹಗ್ಗ ಕಟ್ಟಿ ಇಳಿಬಿಡ್ತೀನಿ."

ನಾನು ಕಾಲೇಜಿಗೆಂದು ಬಂದು ಇವರ ಮನೆಯಲ್ಲಿದ್ದೇನೆ. ಹೀಗಾಗಿ ಮಾವನ ಮನೆ ಮಾತು, ಕಟ್ಟಡದ ಮಾತು ಎರಡೂ ನನ್ನ ಕಿವಿಗೆ ಬೀಳುತ್ತವೆ.

ಒಂದು ದಿನ ಐದನೇ ಮಹಡಿಯ ಮ್ಯಾನೇಜರ್ ಮೇಡಂ ಮಾವನನ್ನು ಕರೆಸಿದರು. ಕಟ್ಟಡದ ಉಸ್ತುವಾರಿಯೆಲ್ಲ ಅವರದೇ.

"ಲಿಫ್ಟಣ್ಣ, ಹೊಸ ಲಿಫ್ಟ್ ಬರ್ತಿದೆ. ಅದಕ್ಕೆ ಆಪರೇಟರ್ ಬೇಕಿಲ್ಲ. ಅದೇ ಮಾತಾಡುತ್ತೆ."

"ಏನಂತ ಮಾತಾಡುತ್ತೆ ಮೇಡಂ?"

"ಎಷ್ಟನೇ ಫ್ಲೋರ್ ಬಂತು ಅಂತ."

"ಅಷ್ಟೇನಾ? ಮಗು ಜ್ವರ ಇಳೀತಾ, ಮಂಡಿ ನೋವು ಹೇಗಿದೆ, ಛತ್ರಿ ಮರೆತ್ರಾ... ಇದೆಲ್ಲ ಕೇಳಲ್ವಾ?"

"ಇಲ್ಲ."

"ಹಾಗಾದ್ರೆ ಅದು ಮಾತಲ್ಲ ಮೇಡಂ," ಎಂದರಂತೆ ಮಾವ, ಬಹಳ ಅನುಕಂಪದಿಂದ.

ಮೇಡಂ ಕೆಟ್ಟವರಲ್ಲ. ಕೆಳಗೆ ಬಾಗಿಲ ಪಕ್ಕದ ಮೂಲೆಯಲ್ಲಿ ಹಳೇ ಕಂಪ್ಯೂಟರ್ ತೆಗೆದುಕೊಳ್ಳುವ ಕೌಂಟರ್ ಒಂದು ಬರಲಿದೆ, ಅದನ್ನು ನಡೆಸುವ ಕಂಪನಿಯವರಿಗೆ ಒಬ್ಬ ಮನುಷ್ಯ ಬೇಕು ಎಂದರು. ಜನ ಹಳೇ ಕಂಪ್ಯೂಟರ್ ತಂದುಕೊಡುತ್ತಾರೆ. ಯಾವುದನ್ನು ಏನು ಮಾಡಬೇಕು ಎಂದು ನೋಡಿ, ಇಂಗ್ಲಿಷಿನಲ್ಲಿ ಸರಿಯಾದ ಪದ ಹೇಳಿ ವಿಂಗಡಿಸಬೇಕು. ಕಂಪನಿಯ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ. "ಪಾಸಾದ್ರೆ ಆ ಸೀಟು ನಿಮ್ದು. ಆಗದಿದ್ರೆ..." ಎಂದು ಮೇಡಂ ಕಿಟಕಿಯ ಕಡೆ ನೋಡಿದರಂತೆ. ಕಿಟಕಿಯಾಚೆ ಏನೂ ಇರಲಿಲ್ಲ.

ಸುದ್ದಿ ಕೇಳಿ ಅತ್ತೆ ಮಿಷನ್ ನಿಲ್ಲಿಸಿದರು. ರಜೆಯ ದಿನ ಮಾವ ಮನೆಯಲ್ಲಿ ಹೇಗಿರುತ್ತಾರೆ ಎನ್ನುವುದು ಅವರಿಗೆ ಗೊತ್ತು. ಅಡುಗೆಮನೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಹೋಗುವ ಬರುವವರಿಗೆಲ್ಲ "ಸ್ವಲ್ಪ ಒಳಗೆ ಸರೀರಿ, ಇನ್ನೊಬ್ರು ಬರ್ಲಿ" ಎನ್ನುತ್ತಾರೆ. ಬಚ್ಚಲ ಬಾಗಿಲು ತೆರೆದುಕೊಟ್ಟು "ಇಳಿಯೋರು ಇಳೀರಿ" ಎನ್ನುತ್ತಾರೆ.

"ಈ ಮನುಷ್ಯ ದಿನಾ ಮನೇಲಿ ಕೂತ್ರೆ ನಾನು ಹೊಲಿಯೋ ಅಂಗಿಗೆಲ್ಲ ಮೂರು ಮೂರು ತೋಳು ಬರುತ್ತೆ," ಎಂದರು ಅತ್ತೆ. "ಲೇ ಹುಡುಗಿ, ಕಾಲೇಜಲ್ಲಿ ಇಂಗ್ಲಿಷ್ ಓದ್ತೀಯಲ್ಲ, ಇವರ ತಲೆಗೆ ಒಂದಿಷ್ಟು ತುರುಕು. ಹೇಗಾದ್ರೂ ತುರುಕು."

ಬಾಯಿ ಜೋರು ಮಾಡಿದರೂ ಅತ್ತೆಯ ಸೂಜಿಯ ದಾರ ಅವತ್ತು ಹತ್ತು ಸಲ ತಪ್ಪಿತು. ಮಾವ ಮಾತ್ರ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಜಾಲರಿ ಎಳೆದು ಎಳೆದು ಅಲ್ಲೊಂದು ಗೆರೆ ಬಿದ್ದಿದೆ. ಜ್ಯೋತಿಷ್ಯದವರು ಯಾರಾದರೂ ನೋಡಿದರೆ ದೂರ ಪ್ರಯಾಣದ ರೇಖೆ ಎನ್ನುತ್ತಾರೆ.

ಪಾಠ ಶುರುವಾಯಿತು. ನಾನು ಆರೇ ಆರು ಪದ ಆರಿಸಿದೆ. ಮೊದಲನೆಯದು ಡಿಲೀಟ್: ಯಾವ ಕಂಪ್ಯೂಟರ್ ಬಂದರೂ ಒಳಗಿರುವ ಫೋಟೋ, ಪತ್ರ, ಗುಟ್ಟು ಎಲ್ಲ ಅಳಿಸಬೇಕು. ಎರಡನೆಯದು ರೀಯೂಸ್: ಚೆನ್ನಾಗಿ ಓಡುತ್ತಿದ್ದರೆ ಇನ್ನೊಬ್ಬರು ಬಳಸಲಿ. ಸಣ್ಣಪುಟ್ಟ ಕಾಯಿಲೆಯಿದ್ದರೆ ರಿಪೇರ್. ಶಾಲೆಗೀಲೆಗೆ ಬೇಕಾದರೆ ಡೊನೇಟ್. ಪೂರ್ತಿ ಸತ್ತಿದ್ದರೆ ಡಿಸ್ಮ್ಯಾಂಟಲ್, ಅಂದರೆ ಕಳಚಿ ವೈರು, ತಗಡು, ಸ್ಕ್ರೂ ಬೇರೆ ಬೇರೆ ಮಾಡುವುದು. ಕೊನೆಯದು ಲ್ಯಾಂಡ್‌ಫಿಲ್: ಗುಂಡಿಗೆ ಸುರಿದು ಮಣ್ಣು ಮುಚ್ಚುವುದು. ಅದನ್ನು ಯಾವತ್ತೂ ಮಾಡಕೂಡದು, ವಿಷವೆಲ್ಲ ನೀರಿಗೆ ಇಳಿಯುತ್ತದೆ.

ಮಾವ ಕೇಳಿದರು, ತಲೆಯಾಡಿಸಿದರು, ಬಹಳ ಚೆನ್ನಾಗಿದೆ ಎಂದರು. ನೀರು ಕುಡಿದು ಬರುವಷ್ಟರಲ್ಲಿ ಆರೂ ಮಾಯ.

"ಎಲ್ಲಿ ಹೋದ್ವು ಮಾವ?"

"ಇಲ್ಲೇ ಇದ್ವು ಮರಿ. ಈಗ ತಾನೇ ಇಳಿದ್ರು."

ಕೊನೆಗೆ ನಾನೊಂದು ಉಪಾಯ ಮಾಡಿದೆ. ಕಾಲೇಜಿನಲ್ಲಿ ಕೂತು, ಒಂದೊಂದು ಪದವನ್ನೂ ಅರ್ಥದ ಸಮೇತ ಫೋನಿನಲ್ಲಿ ಮಾತಾಡಿ ಕಳಿಸಿದೆ. ಮಾವ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೆಲಸ ಮಾಡುತ್ತ ಕೇಳುವುದು, ಕೇಳಿದ್ದನ್ನು ಗಟ್ಟಿಯಾಗಿ ಹೇಳುವುದು. ಆದರೆ ಆ ಲಿಫ್ಟು ಚಲಿಸುವಾಗ ಸಿಗ್ನಲ್ ಸಿಗುವುದಿಲ್ಲ. ಯಾವುದಾದರೂ ಮಹಡಿಯಲ್ಲಿ ನಿಂತು ಬಾಗಿಲು ತೆರೆದಾಗಲೇ ಒಂದು ಮೆಸೇಜು ಟಣ್ ಎಂದು ಇಳಿಯುವುದು. ಡಿಲೀಟ್ ಕೆಳಗೇ ಸಿಕ್ಕಿತು. ರೀಯೂಸ್ ಒಂದನೇ ಮಹಡಿಯಲ್ಲಿ, ರಿಪೇರ್ ಎರಡರಲ್ಲಿ, ಡೊನೇಟ್ ಮೂರರಲ್ಲಿ, ಡಿಸ್ಮ್ಯಾಂಟಲ್ ನಾಲ್ಕರಲ್ಲಿ. ಲ್ಯಾಂಡ್‌ಫಿಲ್ ಮಾತ್ರ ಎಲ್ಲ ಮುಗಿದ ಮೇಲೆ, ಐದನೇ ಮಹಡಿಯಲ್ಲಿ, ಮ್ಯಾನೇಜರ್ ಮೇಡಂ ಬಾಗಿಲ ಮುಂದೆ ಬಂತು.

ಅಷ್ಟೇ. ಎಲ್ಲಿ ಬಂದಿತೋ ಅಲ್ಲೇ ಅಂಟಿಕೊಂಡಿತು. ಸಂಜೆ ಮಾವ ಕಣ್ಣರಳಿಸಿಕೊಂಡು ಬಂದರು. "ಮರಿ, ಈಗ ಮರೆಯೋದೇ ಇಲ್ಲ! ಒಂದೊಂದು ಪದಕ್ಕೂ ಒಂದೊಂದು ಮನೆ ಸಿಕ್ತು. ಮಹಡಿ ಬಂದ್ರೆ ಸಾಕು, ಬಾಗಿಲಲ್ಲೇ ನಿಂತಿರುತ್ತೆ."

ಮಾವನಿಗೆ ಮೊದಲಿಂದಲೂ ಒಂದು ಅಭ್ಯಾಸವಿದೆ. ಪ್ರತಿ ಮಹಡಿ ಬಂದಾಗಲೂ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಸಾರುತ್ತಾರೆ. ಮಾರನೇ ದಿನದಿಂದ ಆ ಸಾರುವಿಕೆಗೆ ಬಾಲ ಬಂತು.

"ಒಂದನೇ ಮಹಡಿ! ರೀಯೂಸ್!"

ಒಂದನೇ ಮಹಡಿಯಲ್ಲಿರುವುದು ಹಲ್ಲಿನ ಡಾಕ್ಟರ ಕ್ಲಿನಿಕ್ಕು. ದವಡೆ ಹಿಡಿದುಕೊಂಡು ಇಳಿಯಬೇಕಿದ್ದ ಇಬ್ಬರು ಪೇಷೆಂಟುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಏನನ್ನ ರೀಯೂಸ್ ಮಾಡ್ತಾರೆ ಇಲ್ಲಿ?" ಎಂದು ಒಬ್ಬರು ಪಿಸುಗುಟ್ಟಿದರು. "ಸೂಜಿ ಇರಬೇಕು," ಎಂದರು ಇನ್ನೊಬ್ಬರು. "ಅಥವಾ ಹಲ್ಲು." ಇಬ್ಬರೂ ಇಳಿಯಲಿಲ್ಲ. ನೋವು ಹೋಯಿತು ಎಂದು ಹೇಳಿ ಅದೇ ಲಿಫ್ಟಿನಲ್ಲಿ ವಾಪಸು ಹೋದರು.

"ಎರಡನೇ ಮಹಡಿ! ರಿಪೇರ್!"

ಎರಡನೇ ಮಹಡಿ ಬ್ಯೂಟಿ ಪಾರ್ಲರು. ಅಲ್ಲಿಗೆ ಹೊರಟಿದ್ದ ಒಬ್ಬ ಹೆಂಗಸು ಮಾವನನ್ನು ಮೇಲಿಂದ ಕೆಳಗೆ ನೋಡಿ, ಪಾರ್ಲರ್ ಆಂಟಿಯ ಹತ್ತಿರ ಹೋಗಿ ಗಲಾಟೆ ಮಾಡಿದರು. ಆಂಟಿ ಕತ್ತರಿ ಹಿಡಿದುಕೊಂಡೇ ಹೊರಬಂದರು.

"ಏನ್ರೀ ಲಿಫ್ಟಣ್ಣ, ನನ್ನ ಗಿರಾಕಿ ಮುಖ ನೋಡಿ ರಿಪೇರಿ ಅಂದ್ರಂತೆ?"

"ಮುಖಕ್ಕಲ್ಲಮ್ಮ," ಎಂದರು ಮಾವ ಸಮಾಧಾನದಿಂದ. "ಇಡೀ ಮಹಡಿಗೇ."

ಈ ಹೊತ್ತಿಗೆ ಕಟ್ಟಡದಲ್ಲಿ ದೊಡ್ಡ ಬದಲಾವಣೆಯಾಗಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಹೊಸ ಲಿಫ್ಟಿನವರು ಬಂದು ಗೋಡೆ ಅಳೆದು ಹೋಗಿದ್ದರು. ಮ್ಯಾನೇಜರ್ ಮೇಡಂ ಲಿಫ್ಟಿನಲ್ಲಿ ನಿಂತೇ ಫೋನಿನಲ್ಲಿ ದೊಡ್ಡದೊಡ್ಡವರ ಜೊತೆ ಮಾತಾಡುತ್ತಿದ್ದರು. ಅದನ್ನೆಲ್ಲ ಕೇಳಿಸಿಕೊಳ್ಳುವ ಒಬ್ಬನೇ ಮನುಷ್ಯ ಲಿಫ್ಟಣ್ಣ. ಈಗ ನೋಡಿದರೆ ಆ ಮನುಷ್ಯನ ಕಿವಿಯಲ್ಲಿ ಇಯರ್‌ಫೋನು. ಅತ್ತ ಯಾರೋ ಏನೋ ಹೇಳುತ್ತಾರೆ, ಇತ್ತ ಇವರು ತಲೆಯಾಡಿಸಿ ಮಹಡಿ ಮಹಡಿಗೂ ತೀರ್ಪು ಕೊಡುತ್ತಿದ್ದಾರೆ! ಅತ್ತ ಇದ್ದವಳು ಕಾಲೇಜಿನ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿಕೊಂಡು ಕೂತ ನಾನು ಎಂದು ಅವರಿಗೆ ಹೇಗೆ ತಿಳಿಯಬೇಕು?

ಮೂರನೇ ಮಹಡಿಯದು ವಿಮೆ ಕಂಪನಿ. ಅಲ್ಲಿಯ ಹೆಡ್ ಕ್ಲರ್ಕು ಇಡೀ ಜೀವನ ಒಂದೇ ಕುರ್ಚಿಯಲ್ಲಿ ಸವೆಸಿದವರು. "ಡೊನೇಟ್" ಕೇಳಿದ ದಿನ ಅವರಿಗೆ ಊಟ ಸೇರಲಿಲ್ಲ. ಮಧ್ಯಾಹ್ನ ಯಾರೂ ಇಲ್ಲದಾಗ ಲಿಫ್ಟು ಹತ್ತಿ, ಜಾಲರಿ ಹಿಡಿದುಕೊಂಡು ಮೆಲ್ಲಗೆ ಕೇಳಿದರು.

"ಲಿಫ್ಟಣ್ಣ, ನಾವಿಬ್ರೂ ಹಳಬರು. ನಿಜ ಹೇಳಿ. ನಮ್ಮನ್ನ ಯಾರಿಗೆ ಡೊನೇಟ್ ಮಾಡ್ತಾರೆ?"

ಮಾವ ಅರ್ಧ ಕನಸಿನಲ್ಲಿದ್ದರು. ಹಿಂದಿನ ಮಧ್ಯಾಹ್ನದಿಂದ ಅವರಿಗೆ ಒಂದೇ ಕನಸು ಬೀಳುತ್ತಿತ್ತಂತೆ. ಮಂಜಿನೊಳಗಿಂದ ಹಳೇ ಕಂಪ್ಯೂಟರುಗಳು ಸಾಲಾಗಿ ಬಂದು ಲಿಫ್ಟು ಹತ್ತುತ್ತವೆ. ದಪ್ಪ ಬೆನ್ನಿನ ಮಾನಿಟರುಗಳು, ಮಧ್ಯಾಹ್ನ ಮಲಗಿ ಎದ್ದವರ ಮುಖದ ಹಾಗೆ ಊದಿಕೊಂಡಿವೆ. ಬಾಲ ಕೈಯಲ್ಲಿ ಹಿಡಿದುಕೊಂಡ ಮೌಸುಗಳು. ಹಲ್ಲುದುರಿದ ಕೀಬೋರ್ಡು. ಯಾವುದೂ ಮಾತಾಡುವುದಿಲ್ಲ. ಮಾವ "ಯಾವ ಮಹಡಿ?" ಎಂದರೆ ಎಲ್ಲವೂ ಒಟ್ಟಿಗೆ ಮಂದ ಹಸಿರು ಬೆಳಕು ಬಿಡುತ್ತವೆ. ಲಿಫ್ಟು ಮೇಲೇರುತ್ತದೆ, ಏರುತ್ತಲೇ ಇರುತ್ತದೆ.

ಆ ಹಸಿರು ಬೆಳಕಿನಲ್ಲೇ ಮಾವ ಹೆಡ್ ಕ್ಲರ್ಕಿಗೆ ಹೇಳಿದರು: "ಹೆದರ್ಬೇಡಿ ಸಾರ್. ಮಕ್ಕಳ ಮಧ್ಯೆ ಇರ್ತೀರಿ. ನೆಮ್ಮದಿಯಾಗಿರುತ್ತೆ."

ಹೆಡ್ ಕ್ಲರ್ಕು ಗೋಡೆ ಹಿಡಿದುಕೊಂಡು ಇಳಿದರು.

ನಾಲ್ಕನೇ ಮಹಡಿಯವರು ಇಂಜಿನಿಯರುಗಳು, ಮನೆ ಕಟ್ಟಲು ಪ್ಲಾನ್ ಬರೆಯುವವರು. ಅವರಿಗೆ "ಡಿಸ್ಮ್ಯಾಂಟಲ್" ಎಂದರೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕಟ್ಟಡ ಕೆಡವುತ್ತಾರೆ! ಕೆಲಸ ಬಿಟ್ಟು ಕಂಬಕಂಬಕ್ಕೂ ಸುತ್ತಿಗೆಯಿಂದ ಟಕ್ ಟಕ್ ಬಡಿದು ನೋಡಿದರು. ಬಿರುಕು ಸಿಗಲಿಲ್ಲ. ಬಡಿದು ಬಡಿದು ಕೊನೆಗೆ ಒಂದು ಬಿರುಕು ಬಂತು. "ನೋಡಿದ್ರಾ? ನಾನು ಹೇಳಲಿಲ್ವಾ?" ಎಂದರು ದೊಡ್ಡ ಇಂಜಿನಿಯರು, ಬೆವರೊರೆಸಿಕೊಳ್ಳುತ್ತ. ಆಮೇಲೆ ಲಿಫ್ಟಿಗೆ ಬಂದು ಮಾವನಿಗೆ ಬಿಸ್ಕತ್ತಿನ ಪ್ಯಾಕೆಟ್ಟು ಕೊಟ್ಟರು.

"ಲಿಫ್ಟಣ್ಣ, ನಮ್ಮ ಮಹಡಿಗೆ ಬೇರೆ ಏನಾದ್ರೂ ಹೇಳೋಕಾಗಲ್ವಾ? ಸ್ವಲ್ಪ ಮೃದುವಾಗಿರೋದು? ಒಂದನೇ ಮಹಡಿಯವರದ್ದು ಎಷ್ಟು ಚೆನ್ನಾಗಿದೆ."

"ಈಗ ಬದಲಾಯಿಸಿದ್ರೆ ನನಗೆ ಎಲ್ಲ ಕಲಸಿಹೋಗುತ್ತೆ ಸಾರ್," ಎಂದರು ಮಾವ ನೊಂದುಕೊಂಡು. "ನಿಮ್ಮದು ಡಿಸ್ಮ್ಯಾಂಟಲ್ಲೇ. ಆದ್ರೆ ಒಂದು ಮಾತು, ನಿಧಾನಕ್ಕೆ ಮಾಡ್ತಾರೆ. ಸ್ಕ್ರೂ ಕೂಡ ಬಿಸಾಕಲ್ಲ."

ಬಿಸ್ಕತ್ತು ಮನೆಗೆ ಬಂತು. ಪಾರ್ಲರ್ ಆಂಟಿ ಒಂದು ಕ್ರೀಮಿನ ಡಬ್ಬಿ ಕೊಟ್ಟಿದ್ದರು. ಡಾಕ್ಟರು ಹಲ್ಲುಜ್ಜುವ ಬ್ರಷ್ಷು ಕೊಟ್ಟಿದ್ದರು. ಕೆಳಗಿನ ವಾಚ್‌ಮನ್ ಬಾಗಿಲ ಪಕ್ಕ ಕೂತು ದಿನವಿಡೀ "ಗ್ರೌಂಡ್ ಫ್ಲೋರ್! ಡಿಲೀಟ್!" ಕೇಳಿ ಕೇಳಿ ಸೊರಗಿ, ತನ್ನದೇ ಟಾರ್ಚು ಕೊಟ್ಟುಬಿಟ್ಟಿದ್ದ.

"ಎಲ್ರಿಗೂ ನನ್ನ ಮೇಲೆ ಏನೋ ಅಕ್ಕರೆ ಬಂದಿದೆ ಕಣೇ," ಎಂದು ಮಾವ ಅತ್ತೆಗೆ ಹೇಳಿದರು. "ಹೋಗೋ ಹೊತ್ತಿಗೆ ಹೀಗೇ ಆಗುತ್ತೆ ಅನ್ಸುತ್ತೆ. ನನ್ನ ಕಂಡ್ರೆ ಎಲ್ಲರ ಕಣ್ಣಲ್ಲೂ ನೀರು."

ಅತ್ತೆ ಕ್ರೀಮು ಮೂಸಿ ನೋಡಿ ಪಕ್ಕಕ್ಕಿಟ್ಟರು. ಬ್ರಷ್ಷು ಮಾತ್ರ ಬೆಳಕಿಗೆ ಹಿಡಿದು, ಹೊಸದೇ ಹೌದಾ ಎಂದು ಎರಡು ಸಲ ನೋಡಿದರು.

ಪರೀಕ್ಷೆಯ ದಿನ ಬಂತು. ಮಾವ ಊಟದ ಡಬ್ಬಿ ಮರೆತು ಹೋಗಿದ್ದರು. ನಾನು ಅದನ್ನು ಹಿಡಿದುಕೊಂಡು ಹೋದರೆ, ಐದನೇ ಮಹಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮೇಡಂ ಬಾಗಿಲ ಮುಂದೆ ಕೈಗವಸು ಹಾಕಿದ ಡಾಕ್ಟರು, ಕತ್ತರಿಯ ಆಂಟಿ, ಬ್ಯಾಗು ತುಂಬಿಕೊಂಡೇ ಬಂದ ಹೆಡ್ ಕ್ಲರ್ಕು, ಸುತ್ತಿಗೆಯ ಇಂಜಿನಿಯರು, ಎಲ್ಲರಿಗಿಂತ ಹಿಂದೆ ವಾಚ್‌ಮನ್. ದೊಡ್ಡ ಕಂಪನಿಯ ಸಾಹೇಬರು ಬಂದಿದ್ದಾರೆ, ಇವತ್ತೇ ಕಡೇ ತೀರ್ಮಾನ ಎಂದು ಸುದ್ದಿ ಹಬ್ಬಿತ್ತು.

ಒಳಗಿನ ಮಾತು ಬಾಗಿಲ ಸಂದಿಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು.

"ಚೆನ್ನಾಗಿ ಓಡ್ತಿರೋ ಕಂಪ್ಯೂಟರ್ ಬಂದ್ರೆ ಏನ್ಮಾಡ್ತೀರಿ?" ಇದು ಕಂಪನಿ ಸಾಹೇಬರ ದನಿ.

ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಮಾವ: "ಲ್ಯಾಂಡ್‌ಫಿಲ್."

ನಾನು ಬಾಗಿಲಿಗೆ ಕಿವಿಯಿಟ್ಟೆ.

"ಏನಂದ್ರಿ? ಹೋಗ್ಲಿ, ಬರೀ ಫ್ಯಾನ್ ಕೆಟ್ಟಿದ್ರೆ?"

"...ಲ್ಯಾಂಡ್‌ಫಿಲ್."

"ಶಾಲೆ ಮಕ್ಕಳಿಗೆ ಕೊಡಬಹುದಾದ್ದು ಇದ್ರೆ?"

"ಲ್ಯಾಂಡ್‌ಫಿಲ್ ಸಾರ್," ಎಂದರು ಮಾವ ಅಳುವ ದನಿಯಲ್ಲಿ. "ಅದು ಮಾಡಬಾರದು ಅಂತ ಗೊತ್ತು. ಆದ್ರೆ ಅದೊಂದೇ ಬರ್ತಿದೆ."

ಹೊರಗೆ ನಿಂತವರ ಮುಖ ಸುಣ್ಣ. "ಎಲ್ರಿಗೂ ಲ್ಯಾಂಡ್‌ಫಿಲ್ಲೇ ಅಂತೆ," ಎಂದು ಹೆಡ್ ಕ್ಲರ್ಕು ಬ್ಯಾಗಿನ ಮೇಲೆ ಕೂತರು. "ನಂದು ಬರೀ ರಿಪೇರಿ ಇತ್ತಲ್ರೀ!" ಎಂದರು ಆಂಟಿ. ಅವರಿಗೆ ಮೊದಲ ಸಲ ಆ ಪದದ ಮೇಲೆ ಪ್ರೀತಿ ಬಂದಿತ್ತು.

"ಸರಿ, ನಿಮ್ಮ ಹೆಸರಾದ್ರೂ ಹೇಳಿ," ಎಂದರು ಸಾಹೇಬರು.

"ಲ್ಯಾಂ... ಲಿಫ್ಟಣ್ಣ."

ನನಗೆ ಆಗ ಹೊಳೆಯಿತು. ಐದನೇ ಮಹಡಿಯ ಪದ ಐದನೇ ಮಹಡಿಯಲ್ಲಿ. ಉಳಿದವೆಲ್ಲ ಅವವುಗಳ ಮನೆಯಲ್ಲಿ ಕೂತು ಮಾವನಿಗೆ ಕಾಯುತ್ತಿವೆ! ಊಟದ ಡಬ್ಬಿ ಎತ್ತಿ ಹಿಡಿದುಕೊಂಡು ಒಳಗೆ ನುಗ್ಗಿದೆ.

"ಮೇಡಂ, ಇಲ್ಲಿ ಕೇಳ್ಬೇಡಿ! ಇವರನ್ನ ಲಿಫ್ಟಲ್ಲಿ ಕೂರಿಸಿ ಕೇಳಿ!"

"ಯಾರಮ್ಮ ನೀನು?" ಎಂದರು ಮೇಡಂ.

"ಇವರ ಇಂಗ್ಲಿಷ್ ಟೀಚರ್."

ಸಾಹೇಬರು ಟೈ ಸಡಿಲಿಸಿದರು. ಹೇಗೂ ಅವರು ಕೆಳಗೆ ಹೋಗಲೇಬೇಕಿತ್ತು. ನಾವು ನಾಲ್ಕು ಜನ ಲಿಫ್ಟು ಹತ್ತಿದೆವು. ಮಾವ ಸ್ಟೂಲಿನ ಮೇಲೆ ಕೂತು, ಒಂದು ಸಲ ಅಂಗಿಯ ತುದಿಯಿಂದ ಬಟನ್ನು ಒರೆಸಿ, ಜಾಲರಿ ಎಳೆದರು. ಮುಖಕ್ಕೆ ಕಳೆ ಮರಳಿತು. ಹೊರಗೆ ಮೆಟ್ಟಿಲ ಮೇಲೆ ಧಡಧಡ ಸದ್ದು: ನಮ್ಮ ತೀರ್ಪು ನಮ್ಮ ಮಹಡಿಯಲ್ಲೇ ಕೇಳೋಣ ಎಂದು ಎಲ್ಲರೂ ಕೆಳಗೆ ಓಡುತ್ತಿದ್ದರು. ಲಿಫ್ಟಿಗಿಂತ ಮೊದಲೇ ತಲುಪುವುದು ಯಾರಿಗೂ ಕಷ್ಟವಿರಲಿಲ್ಲ.

"ನಾಲ್ಕನೇ ಮಹಡಿ!" ಮಾವನ ದನಿ ಗಂಟೆಯ ಹಾಗೆ ಮೊಳಗಿತು. "ಡಿಸ್ಮ್ಯಾಂಟಲ್!"

ಬಾಗಿಲು ತೆರೆದರೆ ಇಂಜಿನಿಯರು ಏದುಸಿರು ಬಿಡುತ್ತ ನಿಂತಿದ್ದಾರೆ.

"ಹೇಗೆ ಮಾಡ್ತೀರಿ?" ಎಂದರು ಸಾಹೇಬರು, ಕುತೂಹಲದಿಂದ.

"ಕೈಗೆ ಗ್ಲೌಸ್ ಹಾಕ್ಕೊಂಡು, ಒಂದೊಂದೇ ಕಳಚ್ಬೇಕು ಸಾರ್. ವೈರ್ ಒಂದ್ಕಡೆ, ತಗಡು ಒಂದ್ಕಡೆ, ಬ್ಯಾಟರಿ ಬೇರೆ ಡಬ್ಬಿಗೆ. ಯಾವುದನ್ನೂ ಸುಡಬಾರದು."

"ಸ್ವಾಮಿ, ಒಂದೇ ಒಂದು ಬಿರುಕು ಇರೋದು! ಅದೂ ನಾವೇ ಮಾಡಿದ್ದು!" ಎಂದು ಇಂಜಿನಿಯರು ಕೈ ಮುಗಿದರು. ಅಷ್ಟರಲ್ಲಿ ಜಾಲರಿ ಮುಚ್ಚಿ, ಅವರ ಮುಖ ಚೌಕ ಚೌಕವಾಗಿ ಮೇಲಕ್ಕೆ ತೇಲಿಹೋಯಿತು.

"ಬಿರುಕಾ?" ಎಂದರು ಮೇಡಂ.

"ಮೂರನೇ ಮಹಡಿ! ಡೊನೇಟ್!"

"ಡೊನೇಟ್ ಮಾಡೋ ಮುಂಚೆ ಏನು ಮುಖ್ಯ?" ಎಂದು ಸಾಹೇಬರು ಕೇಳಿದರು.

"ತಲೆಯೊಳಗಿರೋದೆಲ್ಲ ಖಾಲಿ ಮಾಡ್ಬೇಕು ಸಾರ್. ಹಳೇ ನೆನಪು ಒಂದೂ ಉಳೀಬಾರದು. ಆಮೇಲೆ ಚೆನ್ನಾಗಿ ಒರೆಸಿ ಶಾಲೆಗೆ ಕಳಿಸ್ಬೇಕು."

ಹೆಡ್ ಕ್ಲರ್ಕು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ಈ ವಯಸ್ಸಲ್ಲಿ ಶಾಲೆಗಾ?"

ಲಿಫ್ಟು ಇಳಿಯಿತು. ಎರಡಕ್ಕೂ ಮೂರಕ್ಕೂ ನಡುವೆ, ನಂಬರಿಲ್ಲದ ಆ ಜಾಗದಲ್ಲಿ, ಒಂದು ಕ್ಷಣ ಎಲ್ಲ ಸದ್ದೂ ನಿಂತುಹೋಯಿತು. ತಂಪಾದ ಗಾಳಿ. ಸಾಹೇಬರು ಕಣ್ಣು ಮುಚ್ಚಿ, "ಇಲ್ಲಿ ಏನೋ ಚೆನ್ನಾಗಿದೆ," ಎಂದರು ತಮಗೆ ತಾವೇ ಹೇಳಿಕೊಂಡ ಹಾಗೆ. ಮಾವ ಹೆಮ್ಮೆಯಿಂದ ನನ್ನ ಕಡೆ ನೋಡಿದರು.

"ಎರಡನೇ ಮಹಡಿ! ರಿಪೇರ್!"

ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಮಾಡಿ, ಅದೇನು ರಿಪೇರಿ ಮಾಡ್ತೀರೋ ನಾನೂ ನೋಡ್ತೀನಿ!"

ಮಾವ ಅವರ ಕಡೆಗೇ ನೋಡುತ್ತ, ಆದರೆ ಅವರನ್ನು ಕಾಣದೆ, ತನ್ಮಯರಾಗಿ ಹೇಳಿದರು: "ಹೊರಗಡೆ ಹಳೇದಾಗಿ ಕಾಣುತ್ತೆ ಅಷ್ಟೇ ಸಾರ್, ಒಳಗೆಲ್ಲ ಗಟ್ಟಿ ಇರುತ್ತೆ. ಧೂಳು ಹೊಡೆದು, ಒಂದೆರಡು ಪಾರ್ಟ್ ಬದಲಾಯಿಸಿದ್ರೆ ಇನ್ನೂ ಎಷ್ಟೋ ವರ್ಷ ಓಡುತ್ತೆ."

ಆಂಟಿಯ ಬಾಯಿ ತೆರೆಯಿತು. ಕೋಪ ಮಾಡಿಕೊಳ್ಳಬೇಕೋ ಥ್ಯಾಂಕ್ಸ್ ಹೇಳಬೇಕೋ ತಿಳಿಯದೆ ಹಾಗೇ ಉಳಿಯಿತು.

ಒಂದನೇ ಮಹಡಿಯಲ್ಲಿ "ರೀಯೂಸ್! ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ!" ಎಂದಾಗ, ಡಾಕ್ಟರ ಹಿಂದೆ ಉಳಿದಿದ್ದ ಒಬ್ಬನೇ ಪೇಷೆಂಟು ಬಾಯಿಯ ಹತ್ತಿ ಉಗಿದು ಮೆಟ್ಟಿಲಿಳಿದು ಓಡಿದ.

"ಗ್ರೌಂಡ್ ಫ್ಲೋರ್! ಡಿಲೀಟ್!"

ವಾಚ್‌ಮನ್ ಸೆಲ್ಯೂಟ್ ಹೊಡೆದು ಟೋಪಿ ತೆಗೆದು ಮೇಡಂ ಕೈಗೆ ಕೊಟ್ಟ. "ಹೋಗ್ಬರ್ತೀನಿ ಮೇಡಂ. ತಪ್ಪಾಗಿದ್ರೆ ಕ್ಷಮಿಸಿ."

"ಎಲ್ಲಿಗೆ?" ಎಂದರು ಮೇಡಂ. ಮೆಟ್ಟಿಲಿಂದ ಉಳಿದವರೆಲ್ಲ ಇಳಿದುಬಂದು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡತೊಡಗಿದರು. ಮೇಡಂಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ನಿಲ್ಲಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. "ಅದು ಹಳೇ ಕಂಪ್ಯೂಟರಿಗೆ ಹೇಳಿದ್ದು ಕಣ್ರೀ! ನಿಮಗಲ್ಲ!" ಎಂದರು ಟೋಪಿಯಿಂದಲೇ ಕಣ್ಣೊರೆಸಿಕೊಳ್ಳುತ್ತ.

"ನನ್ನ ಬಿಸ್ಕತ್ತು..." ಎಂದರು ಇಂಜಿನಿಯರು.

"ಚೆನ್ನಾಗಿತ್ತು ಸಾರ್," ಎಂದರು ಮಾವ.

ಕಂಪನಿ ಸಾಹೇಬರು ಮಾತ್ರ ನಗಲಿಲ್ಲ. "ಉತ್ತರ ಒಂದೂ ತಪ್ಪಿಲ್ಲ," ಎಂದರು. "ಆದರೆ ನಮ್ಮ ಕೌಂಟರ್ ಇರೋದು ಇಲ್ಲಿ, ಗ್ರೌಂಡ್ ಫ್ಲೋರಲ್ಲಿ. ಇಲ್ಲಿ ಕೂತ್ರೆ ಇವರು ಬಂದೋರಿಗೆಲ್ಲ ಡಿಲೀಟ್ ಅಂತಾರೆ. ಪ್ರತಿ ಕಂಪ್ಯೂಟರಿಗೂ ಐದು ಮಹಡಿ ಹತ್ತಿಸೋಕಾಗುತ್ತಾ? ಹೊಸ ಲಿಫ್ಟಲ್ಲಿ ಸ್ಟೂಲಿಗೂ ಜಾಗ ಇಲ್ಲ."

ಇಷ್ಟು ದಿನ ತಮ್ಮ ತಮ್ಮ ಮಹಡಿಗೆ ಹೆದರಿದವರು ಈಗ ಮಾವನ ಮುಖ ನೋಡಿದರು. ಮಾವ ಸ್ಟೂಲಿನಿಂದ ಎದ್ದು, ನನ್ನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು, ಲಿಫ್ಟಿನಿಂದ ಹೊರಗೆ ಬಂದು ನಿಂತರು. ಅವರ ಬೆನ್ನ ಹಿಂದೆ ಪದಗಳೆಲ್ಲ ಇಳಿದುಹೋಗುವುದು ನನಗೆ ಕಂಡ ಹಾಗಾಯಿತು.

ಆಗಲೇ ಹೊಸ ಲಿಫ್ಟಿನ ಕೆಲಸದವರ ಮೇಸ್ತ್ರಿ, ಅಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದೆ, ಟೇಪು ಸುತ್ತುತ್ತ ಬಂದ. "ಮೇಡಂ, ಈ ಹಳೇ ಡಬ್ಬಿ ಬಿಚ್ಚಿದ ಮೇಲೆ ಏನ್ಮಾಡೋಣ? ಎಲ್ಲಾದ್ರೂ ಗುಂಡೀಲಿ ಹಾಕಿ ಮಣ್ಣು ಮುಚ್ಚಿಬಿಡ್ಲಾ?"

ಮಾವ ತಿರುಗಿ ಲಿಫ್ಟನ್ನು ನೋಡಿದರು. ಒಳಗಿನ ಕನ್ನಡಿ, ಬಣ್ಣ ಹೋದ ಬಟನ್ನುಗಳು, ಖಾಲಿ ಸ್ಟೂಲು. ಅವರ ತುಟಿ ಅಲುಗಿತು. ನಿಂತಿದ್ದದ್ದು ಗ್ರೌಂಡ್ ಫ್ಲೋರು. ಬರಬೇಕಾದ ಪದ ಒಂದೇ. ಆದರೂ ಅದು ಎಲ್ಲಿಂದಲೋ ಮಹಡಿ ಇಳಿದು, ಬರಿಗಾಲಲ್ಲಿ ಬಂದ ಹಾಗೆ ಬಂತು.

"ರೀಯೂಸ್," ಎಂದರು ಮಾವ, ಬಹಳ ಮೆಲ್ಲಗೆ.

ಸಾಹೇಬರು ಮೇಡಂ ಮುಖ ನೋಡಿದರು, ಮೇಡಂ ಮೂಲೆಯ ಖಾಲಿ ಜಾಗ ನೋಡಿದರು, ಇಂಜಿನಿಯರು ಜೇಬಿನಿಂದ ಪೆನ್ಸಿಲ್ ತೆಗೆದು ಗೋಡೆಯ ಮೇಲೆಯೇ ಒಂದು ಪ್ಲಾನ್ ಬರೆಯಲು ಶುರುಮಾಡಿದರು.

ಈಗ ಹೊಸ ಲಿಫ್ಟು ಬಂದಿದೆ. ಅದು ತಾನೇ ಮಾತಾಡುತ್ತದೆ, ಯಾರ ಮಂಡಿ ನೋವೂ ಕೇಳುವುದಿಲ್ಲ. ಹಳೇ ಲಿಫ್ಟು ಬಾಗಿಲ ಪಕ್ಕದ ಮೂಲೆಯಲ್ಲಿ ನೆಲದ ಮೇಲೆ ಕೂತಿದೆ. ಅದೇ ಕೌಂಟರು. ಮೇಲೆ ಹಗ್ಗವಿಲ್ಲ, ಕೆಳಗೆ ಗುಂಡಿಯಿಲ್ಲ. ಜನ ಹಳೇ ಕಂಪ್ಯೂಟರು ಎದೆಗವಚಿಕೊಂಡು ಒಳಗೆ ಹೋಗುತ್ತಾರೆ. ಮಾವ ಜಾಲರಿ ಎಳೆದು, ಮಷೀನನ್ನು ತಿರುಗಿಸಿ ಮುರುಗಿಸಿ ನೋಡಿ, ಯಾವ ತಂತಿಗೂ ಸಿಕ್ಕಿಲ್ಲದ ಬಟನ್ನೊಂದನ್ನು ಒತ್ತುತ್ತಾರೆ. ಸ್ವಲ್ಪ ಹೊತ್ತು ಮೇಲೆ ನೋಡುತ್ತ ಕೂರುತ್ತಾರೆ. "ಮೂರನೇ ಮಹಡಿ! ಡೊನೇಟ್!" ಒಳಗೆ ಹೋಗಿ ಬಂದವರೆಲ್ಲ ಹೊಟ್ಟೆಯಲ್ಲಿ ಒಂಥರಾ ಝುಮ್ಮೆಂದಿತು ಎನ್ನುತ್ತಾರೆ. ಒಂದು ದಿನ ಒಳಗೆ ಹೋಗಿದ್ದ ಹೆಡ್ ಕ್ಲರ್ಕು ಹೊರಬರುವಾಗ ಮೆಟ್ಟಿಲು ಎಲ್ಲಿ ಎಂದು ಕಾಲಿನಿಂದ ತಡಕಿದರು. ಐದನೇ ಬಟನ್ನಿಗೆ ಮಾತ್ರ ಅತ್ತೆ ಒಂದು ಬಟ್ಟೆ ಹೊಲಿದು ಮುಚ್ಚಿದ್ದಾರೆ, ಯಾರೂ ಒತ್ತದ ಹಾಗೆ.

ನಿನ್ನೆ ಮಧ್ಯಾಹ್ನ ಅತ್ತೆಯೇ ಊಟದ ಡಬ್ಬಿ ತಂದರು. ಮಾವ ಸ್ಟೂಲು ಬಿಟ್ಟುಕೊಟ್ಟು, ಜಾಲರಿ ಎಳೆದು, "ಯಾವ ಮಹಡಿ?" ಎಂದರು.

"ನನ್ನನ್ನೇನು ಕಳಚ್ತೀರಾ, ದಾನ ಕೊಡ್ತೀರಾ?" ಎಂದರು ಅತ್ತೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ದನಿ ತಗ್ಗಿಸಿ, "ಎಲ್ಲೂ ಬೇಡ. ಅದೇನೋ ಎರಡಕ್ಕೂ ಮೂರಕ್ಕೂ ನಡುವೆ ತಂಪಾಗಿದೆ ಅಂತಿದ್ರಲ್ಲ, ಅಲ್ಲಿ ನಿಲ್ಲಿಸಿ ನೋಡೋಣ."

ಮಾವ ಎರಡರ ಬಟನ್ನನ್ನೂ ಮೂರರ ಬಟನ್ನನ್ನೂ ಒಟ್ಟಿಗೆ ಒತ್ತಿದರು. ಒಳಗಿಂದ ಮಾತು ನಿಂತುಹೋಯಿತು. ಜಾಲರಿಯ ಚೌಕ ಬಿಸಿಲು ಇಬ್ಬರ ಮೇಲೂ ಬಿದ್ದಿತ್ತು.

ಅಷ್ಟರಲ್ಲಿ ದಪ್ಪ ಬೆನ್ನಿನ ಮಾನಿಟರ್ ಹೊತ್ತು ಬಂದ ಒಬ್ಬರು ನನ್ನನ್ನು ಕೇಳಿದರು. "ಕಂಪ್ಯೂಟರ್ ತಗೊಳ್ಳೋ ಲಿಫ್ಟಣ್ಣ ಇಲ್ವಾ?"

"ಒಂದೈದು ನಿಮಿಷ ಕೂತ್ಕೊಳ್ಳಿ," ಎಂದೆ. "ಮೇಲೆ ಹೋಗಿದ್ದಾರೆ."

ಅವರು ಎದುರಿಗೇ ನೆಲದ ಮೇಲೆ ಕೂತಿದ್ದ ಲಿಫ್ಟನ್ನೊಮ್ಮೆ ನೋಡಿದರು. ತಲೆಯೆತ್ತಿ ಚಾವಣಿಯನ್ನೊಮ್ಮೆ ನೋಡಿದರು. ಆಮೇಲೆ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು, ಇಳಿದು ಬರಲಿ ಎಂದು ಕಾಯುತ್ತ ಕೂತರು.